ಐದನೆಯ ಸರದಿ

ಡೆಲ್ಮಸ್ ಕ್ರಂಪ್ಟನ್ ಹತ್ತೊಂಬತ್ತು ವರ್ಷ ಒಂದೇ ಕಂಬ ಹಿಡಿದು ನಿಂತವನು. ಅಲಬಾಮದ ಡನ್‌ಮೋರ್ ಊರಿನಲ್ಲಿ, ಟಾಲ್ಬರ್ಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಪಕ್ಕದ ಗೆರೆಯಾಚೆ, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಅವನು ನಿಲ್ಲುತ್ತಿದ್ದ. ಕಂಬದ ತುದಿಯ ಫಲಕದಲ್ಲಿ ಒಂದರಿಂದ ನಾಲ್ಕರವರೆಗೆ ಅಂಕಿಗಳು. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಸರದಿ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು, ಎದುರಾಳಿಯ ಕೊನೆಯ ಗೆರೆ ಹತ್ತಿರವಿದ್ದರೆ ಅದನ್ನು ದಾಟಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎಷ್ಟನೆಯ ಸರದಿ ನಡೆಯುತ್ತಿದೆ ಎಂದು ಆಟಗಾರರೂ ತರಬೇತುದಾರರೂ ಜನರೂ ತಲೆಯೆತ್ತಿ ನೋಡುತ್ತಿದ್ದುದು ಡೆಲ್ಮಸನ ಕಂಬವನ್ನೇ.

ಕಂಬ ಹಿಡಿಯುವವನಿಗೆ ಒಂದು ಕಟ್ಟುಪಾಡಿತ್ತು. ಅವನು ಊರಿನವನೇ ಆದರೂ ಆ ಮೂರು ಗಂಟೆ ಯಾರ ಕಡೆಯವನೂ ಅಲ್ಲ. ಕೈ ತಟ್ಟುವಂತಿಲ್ಲ, ಕೂಗುವಂತಿಲ್ಲ, ಊರ ತಂಡದ ಬಣ್ಣದ ಟೋಪಿ ಹಾಕುವಂತಿಲ್ಲ. ಪಕ್ಕದ ಗೆರೆಯ ಮೇಲೆ ನಿಂತ ತೀರ್ಪುಗಾರ ಕೈಸನ್ನೆ ಮಾಡುವವರೆಗೆ ಅಂಕಿಯನ್ನು ತಿರುಗಿಸುವಂತಿಲ್ಲ. ಟಾಲ್ಬರ್ಟ್ ತಂಡ ಒಂಬತ್ತು ವರ್ಷಗಳ ಮೇಲೆ ಮೊದಲ ಸಲ ಲೀಗ್ ಗೆದ್ದ ದಿನ ಇಡೀ ಊರು ಮೈದಾನಕ್ಕೆ ನುಗ್ಗಿದರೂ ಡೆಲ್ಮಸ್ ಕಂಬವನ್ನು ಎದೆಗೆ ಆನಿಸಿಕೊಂಡು ನಿಂತೇ ಇದ್ದ. ಆಮೇಲೆ ಟ್ರಕ್ಕಿನೊಳಗೆ ಕೂತು, ಕಿಟಕಿಯ ಗಾಜು ಏರಿಸಿ, ಒಬ್ಬನೇ ಒಂದು ಸಲ ಗಟ್ಟಿಯಾಗಿ ಕೂಗಿದ. ಪಕ್ಕದಲ್ಲಿದ್ದ ಹೆಂಡತಿ ಒಲೀಟಾ ಕಿವಿ ಮುಚ್ಚಿಕೊಂಡು ನಕ್ಕಳು.

ವಾರದ ದಿನಗಳಲ್ಲಿ ಅವನದು ಮನೆಮನೆಯ ನೀರಿನ ಮೀಟರು ಓದುವ ಕೆಲಸ. ಅಂಗಳದ ಅಂಚಿನಲ್ಲಿ ಹೂತಿಟ್ಟ ಕಬ್ಬಿಣದ ಮುಚ್ಚಳ ಎತ್ತಿ, ಜೇಡರ ಬಲೆ ಒರೆಸಿ, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ಅವನು ಬರೆದ ಅಂಕಿಯನ್ನು ಯಾರೂ ಮತ್ತೆ ಬಗ್ಗಿ ನೋಡಿದ್ದಿಲ್ಲ. "ಡೆಲ್ಮಸ್ ಬರೆದಿದ್ದಾನೆ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅವನಿಗೆ ದೊಡ್ಡ ಮನೆ ಇರಲಿಲ್ಲ, ಮಕ್ಕಳಿರಲಿಲ್ಲ, ಓದೂ ಹೆಚ್ಚಿರಲಿಲ್ಲ. ಆ ಒಂದು ಮಾತು ಇತ್ತು.

ಅದು ಹೋದದ್ದು ನವೆಂಬರಿನ ಒಂದು ಶನಿವಾರ, ಹ್ಯಾಡನ್ ಕಾಲೇಜಿನ ಮೇಲಿನ ಪಂದ್ಯದಲ್ಲಿ.

ಟಾಲ್ಬರ್ಟ್ ನಾಲ್ಕು ಅಂಕ ಮುಂದಿತ್ತು. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಚೆಂಡು ಹ್ಯಾಡನ್ ತಂಡದ ಕೈಯಲ್ಲಿತ್ತು, ಕೊನೆಯ ಗೆರೆ ಮೂರೇ ಗಜ ದೂರವಿತ್ತು. ಮೊದಲ ಸರದಿಯಲ್ಲಿ ಅವರು ನುಗ್ಗಿದರು, ಟಾಲ್ಬರ್ಟ್ ಹುಡುಗರು ತಡೆದರು. ಎರಡನೆಯದರಲ್ಲಿ ಗಡಿಯಾರ ನಿಲ್ಲಿಸುವುದಕ್ಕೆಂದೇ ಚೆಂಡನ್ನು ನೆಲಕ್ಕೆ ಬಡಿದರು. ಬಡಿದರೂ ಅದು ಒಂದು ಸರದಿಯೇ. ಗೆರೆಯ ತೀರ್ಪುಗಾರ ಗಾರ್ಲಂಡ್ ಟೀಗ್ ಗಡಿಯಾರದ ಕಡೆ ನೋಡುತ್ತಿದ್ದ. ಕೈಸನ್ನೆ ಮಾಡಲಿಲ್ಲ.

ಡೆಲ್ಮಸನ ಹೆಬ್ಬೆರಳು ಫಲಕದ ಮೇಲೆಯೇ ಇತ್ತು. "ಸರ್, ಈಗ ಮೂರನೇದು" ಎಂದ.

ಟೀಗ್ ತಿರುಗಿಯೂ ನೋಡಲಿಲ್ಲ. "ನಾನು ಹೇಳ್ದಾಗ ತಿರುಗ್ಸು. ಅಲ್ಲಿವರ್ಗೂ ಬಾಯ್ ಮುಚ್ಕೊಂಡು ನಿಂತಿರು."

ಡೆಲ್ಮಸ್ ನಿಂತ. ಫಲಕದಲ್ಲಿ ಎರಡು ಹಾಗೆಯೇ ಉಳಿಯಿತು. ಹ್ಯಾಡನ್ ತಂಡ ಮತ್ತೆ ನುಗ್ಗಿತು, ಮತ್ತೆ ತಡೆದರು. ಈಗ ಟೀಗ್ ಕೈಸನ್ನೆ ಮಾಡಿದ, ಅಂಕಿ ಮೂರಾಯಿತು. ಚೆಂಡನ್ನು ಎಸೆದರು, ಅದು ನೆಲಕ್ಕೆ ಬಿತ್ತು. ನ್ಯಾಯವಾಗಿ ಆಟ ಅಲ್ಲಿಗೆ ಮುಗಿಯಬೇಕಿತ್ತು. ಫಲಕದಲ್ಲಿ ನಾಲ್ಕು ಬಂತು. ಟಾಲ್ಬರ್ಟ್ ತರಬೇತುದಾರ ಬೆರಳೆಣಿಸುತ್ತಾ ಅರಚಿದ. ಬಿಳಿ ಟೋಪಿಯ ಮುಖ್ಯ ರೆಫರಿ ಟೀಗ್‌ನನ್ನು ಕೇಳಿದ, ಟೀಗ್ ಕಂಬದ ಕಡೆ ಕೈ ತೋರಿಸಿದ, ಕಂಬ ನಾಲ್ಕು ಎನ್ನುತ್ತಿತ್ತು. ಇಲ್ಲದ ಆ ಐದನೆಯ ಸರದಿಯಲ್ಲಿ ಹ್ಯಾಡನ್ ಗೆರೆ ದಾಟಿ, ಆರು ಅಂಕ ಪಡೆದು ಗೆದ್ದಿತು.

ಮಂಗಳವಾರ ಲೀಗಿನವರ ಹೇಳಿಕೆ ಊರಿನ ಪತ್ರಿಕೆಯಲ್ಲಿ ಬಂತು. ಪಂದ್ಯದ ಫಲಿತಾಂಶ ಬದಲಾಗದು. ತೀರ್ಪುಗಾರರು ಬರೆದು ಕೊಟ್ಟ ವರದಿಯ ಪ್ರಕಾರ, ಕಂಬ ಹಿಡಿದಿದ್ದ ಸ್ಥಳೀಯ ವ್ಯಕ್ತಿ ಡೆಲ್ಮಸ್ ಕ್ರಂಪ್ಟನ್ ಸಕಾಲದಲ್ಲಿ ಅಂಕಿ ಬದಲಿಸದೆ ಗೊಂದಲ ಉಂಟಾಯಿತು. ಕಾಲೇಜಿನ ಕ್ರೀಡಾಧಿಕಾರಿ ಮನೆಗೇ ಬಂದು, ಟೋಪಿ ಕೈಯಲ್ಲಿ ಹಿಡಿದುಕೊಂಡು, ಕಿತ್ತಳೆ ಮೇಲಂಗಿಯನ್ನು ವಾಪಸು ಕೇಳಿದ. ಒಲೀಟಾ ಅದನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದಳು. ಡೆಲ್ಮಸ್ ಒಳಗಿನಿಂದ ಬರಲಿಲ್ಲ.

"ನಾನು ಅವನಿಗೆ ಹೇಳ್ದೆ ಅಂತ ನಿನಗೆ ಹೇಳಿದ್ನಲ್ವಾ?" ಎಂದು ಅವನು ಆಮೇಲೆ ಹೆಂಡತಿಯನ್ನು ಕೇಳಿದ. "ಮೂರನೇದು ಅಂತ ಹೇಳಿದ್ದೆ."

"ಹೇಳಿದ್ದೆ ಅಂತ ನೀನು ಹೇಳ್ತಿದ್ದೀಯ, ಡೆಲ್ಮಸ್. ನನಗೆ ಅಷ್ಟು ಸಾಕು."

"ಊರಿಗೆ ಸಾಕಾಗಲ್ಲ."

ಸಾಕಾಗಲಿಲ್ಲ. ಟಾಲ್ಬರ್ಟ್ ತಂಡವನ್ನು ಬೆಂಬಲಿಸುವ ಗಂಡಸರು ಪ್ರತಿ ಗುರುವಾರ ಬೆಳಗ್ಗೆ ಮಿಸ್ ಐನಾಳ ಹೋಟೆಲಿನಲ್ಲಿ ಸೇರಿ ತಿಂಡಿ ತಿನ್ನುವುದು ವಾಡಿಕೆ. ಡೆಲ್ಮಸ್ ಒಳಗೆ ಕಾಲಿಟ್ಟಾಗ ಕ್ಷೌರದಂಗಡಿಯ ಹರ್ಷೆಲ್ ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ನಾಲ್ಕೇ ನಾಲ್ಕು ತಗೋಪ್ಪಾ ಡೆಲ್ಮಸ್. ಐದಾಗ್ಬಿಟ್ರೆ ಮಿಸ್ ಐನಾಗೆ ಲುಕ್ಸಾನು" ಎಂದ. ಎಲ್ಲರೂ ನಕ್ಕರು. ಹರ್ಷೆಲ್ ಕೆಟ್ಟವನಲ್ಲ. ಸೋಲು ಅವನ ಹೊಟ್ಟೆಯಲ್ಲಿ ಹುಳಿಯಾಗಿತ್ತು, ಎಲ್ಲಾದರೂ ಕಕ್ಕಬೇಕಿತ್ತು, ಅಷ್ಟೆ. ಡೆಲ್ಮಸ್ ಕಾಫಿ ಕುಡಿಯದೆ ಹೊರಟುಬಿಟ್ಟ. ಮತ್ತೆ ಗುರುವಾರ ಅಲ್ಲಿಗೆ ಹೋಗಲಿಲ್ಲ.

ನಗುವುದನ್ನಾದರೂ ಸಹಿಸಬಹುದಿತ್ತು. ಚಳಿಗಾಲದಲ್ಲಿ ಅವನು ಮೀಟರಿನ ಮುಚ್ಚಳ ಎತ್ತಿದಾಗ ಮನೆಯವರು ಬಾಗಿಲು ತೆರೆದು ಅಂಗಳಕ್ಕೆ ಬರತೊಡಗಿದರು. ಏನೂ ಹೇಳುತ್ತಿರಲಿಲ್ಲ. ಕೈಕಟ್ಟಿಕೊಂಡು ಹಿಂದೆ ನಿಂತು, ಅವನು ಹೋದ ಮೇಲೆ ಬಗ್ಗಿ ತಾವೂ ಒಂದು ಸಲ ಅಂಕಿ ನೋಡುತ್ತಿದ್ದರು. ಮುಂದಿನ ಮನೆಗೆ ಹೋಗುತ್ತಾ ಅವನು ತಿರುಗಿ ನೋಡಿದರೆ ಬಗ್ಗಿದ ಬೆನ್ನುಗಳು ಕಾಣುತ್ತಿದ್ದವು.

ಭಾನುವಾರ ಚರ್ಚಿನಲ್ಲಿ ಎಲ್ಲರೂ ಒಟ್ಟಾಗಿ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಡೆಲ್ಮಸ್ ತುಟಿ ಬಿಗಿಯುತ್ತಿದ್ದ. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದ. ಒಲೀಟಾ ಪಕ್ಕದಲ್ಲಿ ನಿಂತು ಆ ಖಾಲಿಯನ್ನು ಕೇಳಿಸಿಕೊಳ್ಳುತ್ತಿದ್ದಳು. ಅವನ ಪಾಲಿನ ಸಾಲನ್ನು ಅವಳೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದಳು.

ಆಗಸ್ಟಿನಲ್ಲಿ ಡೆಲ್ಮಸ್ ಟ್ರಕ್ಕು ಹತ್ತಿ ಅರವತ್ತು ಮೈಲಿ ದೂರದ ಎಲ್ಡ್ರಿಜ್‌ಗೆ ಹೋದ. ತೀರ್ಪುಗಾರರೆಲ್ಲ ಶನಿವಾರದ ಮಟ್ಟಿಗೆ ತೀರ್ಪುಗಾರರು. ಮಿಕ್ಕ ದಿನ ಒಬ್ಬ ವಿಮೆ ಮಾರುತ್ತಾನೆ, ಇನ್ನೊಬ್ಬ ಪಾಠ ಹೇಳುತ್ತಾನೆ. ಗಾರ್ಲಂಡ್ ಟೀಗ್‌ನದು ಟೈರಿನ ಅಂಗಡಿ. ಅವನ ಮುಖಕ್ಕೆ ಮುಖ ಕೊಟ್ಟು ಕೇಳಿಬಿಡಬೇಕೆಂದೇ ಡೆಲ್ಮಸ್ ಹೊರಟಿದ್ದ.

ಟೀಗ್ ಒಳ್ಳೆಯ ಮೈಕಟ್ಟಿನ, ನಗುಮುಖದ ಮನುಷ್ಯ. ಟ್ರಕ್ಕಿನ ಹಿಂದಿನ ಚಕ್ರವನ್ನು ತಾನೇ ಬಿಚ್ಚಿದ. ಡೆಲ್ಮಸನನ್ನು ನೇರವಾಗಿ ನೋಡಿದ. ಗುರುತು ಹಿಡಿಯಲಿಲ್ಲ.

"ಯಾವೂರಿಂದ ಬಂದ್ರಿ, ಸರ್?"

"ಡನ್‌ಮೋರ್."

"ಓಹೋ! ಟಾಲ್ಬರ್ಟ್ ಕಾಲೇಜು! ಐದು ಸರದಿ ಊರು!" ಟೀಗ್ ತೊಡೆ ತಟ್ಟಿಕೊಂಡು ನಕ್ಕ. "ಆವತ್ತು ನಾನೇ ಇದ್ದೆ ಸ್ವಾಮಿ, ಗೆರೆ ಮೇಲೆ. ನಿಮ್ಮೂರಿನ ಕಂಬದ ಮುದುಕ ಒಬ್ಬ ಇದ್ದ ನೋಡಿ, ಪಾಪ, ಮೂರಾದ್ಮೇಲೆ ಏನು ಅಂತಾನೇ ಗೊತ್ತಿರ್ಲಿಲ್ಲ. ಬಾಯ್ ಕಳ್ಕೊಂಡು ನಿಂತುಬಿಟ್ಟಿದ್ದ. ಈ ಕಥೆ ಹೇಳಿ ಎಷ್ಟು ಟೈರು ಮಾರಿದೀನೋ ನನಗೇ ಗೊತ್ತಿಲ್ಲ."

ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಅವರು ಈ ಕಥೆಯನ್ನು ಮೊದಲೇ ಕೇಳಿದ್ದರೆಂಬುದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು.

ಕೇಳಬೇಕೆಂದು ಬಂದ ಮಾತು ಡೆಲ್ಮಸನ ಬಾಯಲ್ಲೇ ಒಣಗಿತು. ಅವನು ಗೋಡೆಯ ಕಡೆ ತಿರುಗಿದ. ಅಲ್ಲಿ ಒಂದು ದೊಡ್ಡ ಕ್ಯಾಲೆಂಡರು ತೂಗುತ್ತಿತ್ತು. ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಹತ್ತು ಶನಿವಾರಗಳ ಚೌಕದಲ್ಲಿ, ಗಿರಾಕಿಗಳು ಓದಲೆಂದೇ ಕೆಂಪು ಮಸಿಯಲ್ಲಿ, ಟೀಗ್ ತಾನು ತೀರ್ಪು ಕೊಡಲಿರುವ ಪಂದ್ಯಗಳ ಊರುಗಳನ್ನು ಬರೆದಿದ್ದ. ಡೆಲ್ಮಸ್ ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಮನುಷ್ಯ. ಟೈರು ಬಿಗಿಯುವಷ್ಟರಲ್ಲಿ ಹತ್ತು ಊರು, ಹತ್ತು ತಾರೀಖು ಅವನ ತಲೆಗೆ ಹೋಗಿದ್ದವು.

"ಟೈರು ಚೆನ್ನಾಗಿ ಬರುತ್ತೆ ನೋಡಿ. ಮತ್ತೆ ಬನ್ನಿ!" ಎಂದ ಟೀಗ್.

"ಬರ್ತೀನಿ" ಎಂದ ಡೆಲ್ಮಸ್.

ಚರ್ಚಿನಲ್ಲಿ ಒಂದು ಟೇಪು ಹಾಕುವ ಕ್ಯಾಮೆರಾ ಇತ್ತು. ಹಾಸಿಗೆ ಹಿಡಿದ ಮುದುಕಿಯರು ಭಾನುವಾರದ ಉಪದೇಶವನ್ನು ಮನೆಯಲ್ಲೇ ನೋಡಲಿ ಎಂದು ಕೊಂಡದ್ದು. ಅದರಲ್ಲಿ ಉಪದೇಶ ಹಿಡಿದು, ಸೋಮವಾರ ಆ ಟೇಪುಗಳನ್ನು ಮನೆಗಳಿಗೆ ತಲುಪಿಸುವ ಸೇವೆ ಡೆಲ್ಮಸನದೇ. ಹಾಗಾಗಿ ಶನಿವಾರವೂ ಕ್ಯಾಮೆರಾ ಅವನ ಬಳಿಯೇ ಇರುತ್ತಿತ್ತು. ಅಂಚೆಯಲ್ಲಿ ನಿಯಮಗಳ ಪುಸ್ತಕ ತರಿಸಿ, ಮೀಟರು ಓದುವ ನಡುವೆ ಮರದ ನೆರಳಲ್ಲಿ ಕೂತು, ಬೆರಳಿಟ್ಟುಕೊಂಡು ಓದಿದ. ಸೆಪ್ಟೆಂಬರ್ ಬಂದಾಗ ಹೊರಟ.

ಆಟ ನೋಡಲು ಬಂದವರ ಕ್ಯಾಮೆರಾಗಳೆಲ್ಲ ಚೆಂಡಿನ ಹಿಂದೆ ಓಡುತ್ತಿದ್ದವು. ಡೆಲ್ಮಸನ ಕ್ಯಾಮೆರಾ ಗಾರ್ಲಂಡ್ ಟೀಗ್‌ನನ್ನು ಬಿಟ್ಟು ಕದಲಲಿಲ್ಲ. ಟೀಗ್‌ನ ಕಾಲು ಎಲ್ಲಿದೆ, ಕಣ್ಣು ಎಲ್ಲಿದೆ, ಆಟಗಾರರ ತಪ್ಪು ತೋರಿಸುವ ಬಾವುಟ ಯಾವಾಗ ಎಸೆದ, ಎಸೆಯುವ ಮೊದಲು ಯಾವ ತರಬೇತುದಾರನ ಬೈಗುಳಕ್ಕೆ ಬೆಚ್ಚಿದ, ಎಲ್ಲವೂ ಟೇಪಿನಲ್ಲಿ ಇಳಿಯಿತು. ಮೊದಲ ಎರಡು ಶನಿವಾರ ಒಲೀಟಾ ಬೇಯಿಸಿದ ಕಡಲೆಕಾಯಿ ಕಟ್ಟಿಕೊಂಡು ಜೊತೆಗೆ ಹೋದಳು.

"ಯಾರು ಗೆದ್ರು?" ಎಂದು ವಾಪಸು ಬರುವಾಗ ಅವಳು ಕೇಳಿದಳು. ಪಂದ್ಯದ ಹೊತ್ತಿನಲ್ಲಿ ಅವಳು ಪಕ್ಕದ ಹೆಂಗಸಿನೊಡನೆ ಮಾತಿಗೆ ಬಿದ್ದಿದ್ದಳು.

ಡೆಲ್ಮಸ್ ರಸ್ತೆ ನೋಡುತ್ತಲೇ ಹೇಳಿದ. "ಗೊತ್ತಿಲ್ಲ. ಆದ್ರೆ ಅವನು ಹನ್ನೊಂದು ತಪ್ಪು ಮಾಡ್ದ."

ಮೂರನೆಯ ವಾರ ಅವಳು ಹೋಗಲಿಲ್ಲ. "ಆಟ ನೋಡೋಕೆ ಬೇಕಾದ್ರೆ ಬರ್ತೀನಿ. ನೀನು ಆ ಮನುಷ್ಯನ ಬೆನ್ನು ನೋಡೋದನ್ನ ನೋಡೋಕೆ ಬರಲ್ಲ" ಎಂದಳು.

ಪ್ರತಿ ಸೋಮವಾರ ಒಂದು ಟೇಪು ಲೀಗಿನ ಕಚೇರಿಗೆ, ತೀರ್ಪುಗಾರರ ಮೇಲ್ವಿಚಾರಕ ವಿಕರಿ ಎಂಬುವರ ಹೆಸರಿಗೆ ಹೋಗುತ್ತಿತ್ತು. ಜೊತೆಗೆ ಒಂದು ಹಾಳೆ. ಇಷ್ಟನೆಯ ನಿಮಿಷ, ಇಂಥ ನಿಯಮ, ಇಂಥ ತಪ್ಪು. ಬೈಗುಳವಿಲ್ಲ, ದೂರಿಲ್ಲ. ಕೆಳಗೆ ಹೆಸರು, ವಿಳಾಸ. ಉತ್ತರ ಬರಲಿಲ್ಲ. ಅವನು ಕಳಿಸುವುದನ್ನು ಬಿಡಲಿಲ್ಲ.

ನಾಲ್ಕನೆಯ ಸೋಮವಾರ ಟೇಪುಗಳು ಅದಲುಬದಲಾದವು. ಉಪದೇಶ ಲೀಗಿನ ಕಚೇರಿಗೆ ಹೋಯಿತು. ಎಂಬತ್ತೇಳು ವರ್ಷದ ಮಿಸ್ ವರ್ಡಿಯ ಹಾಸಿಗೆಯ ಎದುರು ಗಾರ್ಲಂಡ್ ಟೀಗ್‌ನ ಪಟ್ಟೆ ಅಂಗಿಯ ಬೆನ್ನು ಒಂದೂವರೆ ಗಂಟೆ ಓಡಾಡಿತು.

ಬುಧವಾರ ಚರ್ಚಿನ ಊಟದ ಮನೆಯಲ್ಲಿ ಪಾದ್ರಿ ಬ್ರದರ್ ಹಾಯ್ಟ್ ಡೆಲ್ಮಸನನ್ನು ಪಕ್ಕಕ್ಕೆ ಕರೆದರು.

"ಬ್ರದರ್ ಡೆಲ್ಮಸ್, ಮಿಸ್ ವರ್ಡಿ ಫೋನ್ ಮಾಡಿದ್ರು. ಈ ವಾರದ ಉಪದೇಶ ಬಹಳ ಚೆನ್ನಾಗಿತ್ತಂತೆ."

ಡೆಲ್ಮಸನಿಗೆ ವಿಷಯ ಹೊಳೆಯಿತು. ಕಿವಿ ಕೆಂಪಾಯಿತು.

"ಪಟ್ಟೆ ಅಂಗಿಯವನು ಬಾವುಟ ಎಸೆಯೋದು ಯಾವಾಗ್ಲೂ ತಡವಂತೆ. ಹಾಸಿಗೆಯಲ್ಲಿ ಮಲಗಿರೋ ನನಗೇ ಕಾಣುತ್ತೆ, ಅಲ್ಲೇ ನಿಂತಿರೋ ಅವನಿಗೆ ಯಾಕೆ ಕಾಣಲ್ಲ ಅಂತ ಕೇಳಿದ್ರು." ಬ್ರದರ್ ಹಾಯ್ಟ್ ನಗಬೇಕೋ ಬೇಡವೋ ಎಂದು ತಡೆದರು. "ಆ ಕ್ಯಾಮೆರಾ ದೇವರ ವಾಕ್ಯ ಕೇಳಿಸೋಕೆ ತಂದದ್ದು, ಡೆಲ್ಮಸ್."

"ತಪ್ಪಾಯ್ತು. ನಾಳೆ ತಂದಿಡ್ತೀನಿ."

"ಕ್ಯಾಮೆರಾ ಕಥೆ ಹಾಗಿರ್ಲಿ. ಇದನ್ನ ಯಾವಾಗ ಕೆಳಗಿಡ್ತೀಯ?"

"ಅವನು ಬಾಯ್ಬಿಟ್ಟು ಹೇಳ್ದಾಗ."

"ಹೇಳದೇ ಹೋದ್ರೆ?"

"ಹಾಗಾದ್ರೆ ನೀವು ನನಗೋಸ್ಕರ ಪ್ರಾರ್ಥನೆ ಮಾಡ್ತಾ ಇರಿ, ಬ್ರದರ್ ಹಾಯ್ಟ್. ನಾನು ಟೇಪು ಕಳಿಸ್ತಾ ಇರ್ತೀನಿ."

ಶುಕ್ರವಾರ ಅವನು ಸ್ವಂತಕ್ಕೆ ಒಂದು ಕ್ಯಾಮೆರಾ ಕೊಂಡ.

ಅಕ್ಟೋಬರಿನ ಕೊನೆಯ ಶನಿವಾರ, ಜಾರ್ಜಿಯದ ಗಡಿಯಾಚೆಯ ಒಂದು ಸಣ್ಣ ಕಾಲೇಜು. ಅಲ್ಲಿ ಜನ ಕೂರುವ ಸಾಲುಗಳಿಗೂ ಗೆರೆಗೂ ನಡುವೆ ಒಂದು ಮೊಣಕಾಲೆತ್ತರದ ತಂತಿಬೇಲಿ ಮಾತ್ರ ಇತ್ತು. ಅಲ್ಲಿನ ಕಂಬ ಹಿಡಿದವಳು ಒಬ್ಬ ಹೆಂಗಸು, ಐವತ್ತರ ಹತ್ತಿರದವಳು. ಬಗಲಲ್ಲಿ ಕೂತವರು ಅವಳನ್ನು ನೆಲ್ಡಾ ಎಂದು ಕೂಗುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳಂತೆ. ಡೆಲ್ಮಸ್ ಅವಳ ಬೆನ್ನಿಗೇ ನಿಂತಿದ್ದ. ಕ್ಯಾಮೆರಾ ಟೀಗ್‌ನ ಮೇಲಿತ್ತು, ಮಾತುಗಳೂ ಸ್ಪಷ್ಟವಾಗಿ ಕೇಳುತ್ತಿದ್ದವು.

ಕೊನೆಯ ಕಾಲುಭಾಗದಲ್ಲಿ ಒಂದು ತಂಡ ಗಡಿಯಾರ ನಿಲ್ಲಿಸಲು ಚೆಂಡನ್ನು ನೆಲಕ್ಕೆ ಬಡಿಯಿತು. ಟೀಗ್ ಗಡಿಯಾರದ ಕಡೆ ನೋಡಿದ. ಕೈಸನ್ನೆ ಮಾಡಲಿಲ್ಲ.

"ಇದು ನಾಲ್ಕನೇದು, ಸರ್" ಎಂದಳು ನೆಲ್ಡಾ.

"ನಾನು ಹೇಳ್ದಾಗ ತಿರುಗ್ಸು."

ಅದೇ ಮಾತು, ಅದೇ ಸ್ವರ, ತಿರುಗಿಯೂ ನೋಡದ ಅದೇ ಕತ್ತು. ಸಿಕ್ಕಿಬಿದ್ದ, ಅಂದುಕೊಂಡ ಡೆಲ್ಮಸ್. ಕ್ಯಾಮೆರಾ ಕದಲದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ.

"ಇಲ್ಲ ಸರ್" ಎಂದಳು ನೆಲ್ಡಾ. "ಇದು ನಾಲ್ಕನೇದು." ಅಂಕಿಯನ್ನು ಪಟ್ಟನೆ ತಿರುಗಿಸಿದಳು. ಇನ್ನೊಂದು ಕೈಯನ್ನು ಮೇಲೆತ್ತಿ ಬಿಳಿ ಟೋಪಿಯ ಮುಖ್ಯ ರೆಫರಿಯನ್ನು ಕೂಗಿದಳು. "ಇಲ್ಲಿ ಬನ್ನಿ ಸ್ವಲ್ಪ! ಇವರಿಗೆ ಲೆಕ್ಕ ತಪ್ಪಿದೆ!"

ಆಟ ನಿಂತಿತು. ರೆಫರಿ ಬಂದ, ಬೆರಳು ಮಡಚಿ ಎಣಿಸಿದ, ತಲೆಯಾಡಿಸಿದ. ನಾಲ್ಕನೆಯದೇ. ಟೀಗ್ ಅವಳ ಹತ್ತಿರ ಬಂದು, "ನಿನ್ನ ಇಲ್ಲಿಂದ ಓಡಿಸ್ತೀನಿ ನೋಡ್ತಿರು" ಎಂದ. ನೆಲ್ಡಾ, "ಆಯ್ತು ಸರ್, ಓಡ್ಸಿ. ಆಟ ಮುಗೀಲಿ" ಎಂದಳು. ಅವಳ ಪಾಡಿಗೆ ಅವಳು ಕಂಬ ಎತ್ತಿಕೊಂಡು ಮುಂದಿನ ಜಾಗಕ್ಕೆ ನಡೆದಳು.

ಭಾನುವಾರ ಮಧ್ಯಾಹ್ನ ಡೆಲ್ಮಸ್ ಆ ತುಣುಕನ್ನು ಒಲೀಟಾಳಿಗೆ ತೋರಿಸಿದ. ಅವಳು ಬಟ್ಟೆ ಮಡಚುತ್ತಿದ್ದವಳು ನಿಂತೇ ನೋಡಿದಳು.

"ಸಿಕ್ಕಿದ ನೋಡು. ಇದರಲ್ಲಿ ಮಾತು ಸಮೇತ ಇದೆ. ಇನ್ನು ಅವನ ಕಥೆ ಮುಗೀತು" ಎಂದ. ದನಿಯಲ್ಲಿ ಗೆಲುವಿತ್ತು. ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದ. ಮೂರನೆಯ ಸಲ ನೋಡುವಾಗ ಟೇಪು ನಿಲ್ಲಿಸಿದ. "ಅವಳು ಇಲ್ಲ ಅಂದ್ಬಿಟ್ಳು" ಎಂದ.

"ಹೂಂ."

"ನನ್ನ ಹೆಬ್ಬೆರಳು ಅದರ ಮೇಲೇ ಇತ್ತು, ಒಲೀಟಾ. ಹೀಗೆ ಒಂದ್ಸಲ ತಿರುಗಿಸಿದ್ರೆ ಸಾಕಿತ್ತು."

ಒಲೀಟಾ ಮಡಚಿದ ಅಂಗಿಯನ್ನು ಮತ್ತೊಮ್ಮೆ ಬಿಡಿಸಿ ಮಡಚಿದಳು. ಸಮಾಧಾನದ ಮಾತು ಅವಳಿಗೆ ಬರುತ್ತಿತ್ತು. ಆದರೆ ಅವಳು ಸುಳ್ಳು ಹೇಳುವವಳಲ್ಲ.

"ಈ ಟೇಪು ಕಳಿಸ್ತೀಯಾ?" ಎಂದಷ್ಟೇ ಕೇಳಿದಳು.

"ಕಳಿಸ್ತೀನಿ" ಎಂದ ಡೆಲ್ಮಸ್. ಹಲ್ಲು ಕಚ್ಚಿಕೊಂಡೇ ಹೇಳಿದ. ಆ ಸಿಟ್ಟು ಯಾರ ಮೇಲಿನದೆಂದು ಆ ದಿನ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಗುರುವಾರ ವಿಕರಿಯವರು ತಾವೇ ಫೋನು ಮಾಡಿ ಕರೆಸಿಕೊಂಡರು. ಸಣ್ಣ ಕೋಣೆ, ಕೋಟು ಬಿಚ್ಚಿಟ್ಟ ದಣಿದ ಮನುಷ್ಯ, ಮೇಜಿನ ತುಂಬ ಟೇಪುಗಳು.

"ಪ್ರತಿ ಸೋಮವಾರ ಎಲ್ಲ ತರಬೇತುದಾರರೂ ನನಗೆ ಟೇಪು ಕಳಿಸ್ತಾರೆ, ಮಿಸ್ಟರ್ ಕ್ರಂಪ್ಟನ್. ತಪ್ಪಾಗಿದ್ರೆ ತಪ್ಪು ಅಂತ ನಾನು ಅವರಿಗೆ ಗುಟ್ಟಾಗಿ ಬರೀತೀನಿ. ಅದನ್ನ ಅವರು ಹೊರಗೆ ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ಆದ್ರೆ ಎಲ್ಲರ ಟೇಪಲ್ಲೂ ಚೆಂಡು ಇರುತ್ತೆ. ತೀರ್ಪುಗಾರನನ್ನೇ ಹಿಡಿದು ಕಳಿಸಿದವರು ನೀವೊಬ್ಬರೇ." ಅವರು ಒಂದು ಟೇಪು ಎತ್ತಿ ತೋರಿಸಿದರು. "ನಡುವೆ ಒಂದು ವಾರ ಉಪದೇಶವೂ ಬಂದಿತ್ತು. ನನ್ನ ಹೆಂಡತಿ ಪೂರ್ತಿ ಕೇಳಿದಳು."

"ಅದು ಕೈತಪ್ಪಿ ಬಂದದ್ದು, ಸರ್."

"ಇರಲಿ. ಟೀಗ್‌ನನ್ನ ಈ ವರ್ಷದ ಉಳಿದ ಪಂದ್ಯಗಳಿಂದ ತೆಗೆದಿದ್ದೀನಿ. ಡಿಸೆಂಬರಿನ ಅಂತಿಮ ಪಂದ್ಯಕ್ಕೆ ಅವನ ಹೆಸರಿತ್ತು, ಅದನ್ನೂ ತೆಗೆದೆ. ಹದಿನಾರು ವರ್ಷದಿಂದ ಕಾಯ್ತಿದ್ದ ಅದಕ್ಕೆ."

ಡೆಲ್ಮಸ್ ಕೂತಲ್ಲೇ ಆ ಮಾತನ್ನು ನಿಧಾನವಾಗಿ ಸವಿದ. ಸುಳ್ಳೇಕೆ, ಅದು ಅವನಿಗೆ ಸಿಹಿಯಾಗಿತ್ತು. "ಇದನ್ನ ಪತ್ರಿಕೆಗೆ ಕೊಡ್ತೀರಾ?" ಎಂದು ಕೇಳಿದ.

"ಇಲ್ಲ. ಇದು ಒಳಗಿನ ವಿಷಯ."

"ನನ್ನ ಹೆಸರು ಕೊಟ್ಟಿದ್ರಿ. ನಾನು ಒಳಗಿನವನಾಗಿರ್ಲಿಲ್ವಾ?"

ವಿಕರಿ ಮೇಜಿನ ಮೇಲಿನ ಟೇಪುಗಳನ್ನು ಸುಮ್ಮನೆ ಜೋಡಿಸಿದರು. "ಆ ಹಳೇ ವರದಿ ಅವನು ಬರೆದದ್ದು. ತಿದ್ದೋದಾದ್ರೆ ಅವನೇ ತಿದ್ದಬೇಕು. ತಿದ್ದಿದ್ರೆ ಮಾತ್ರ ಮುಂದಿನ ವರ್ಷ ಅವನ ಅರ್ಜಿ ನೋಡ್ತೀನಿ ಅಂತ ಹೇಳಿದ್ದೀನಿ. ನನ್ನ ಕೈಲಿ ಆಗೋದು ಅಷ್ಟೇ."

ಅದರಿಂದಾಗಿ ಮುಂದಿನ ಮಂಗಳವಾರ ಗಾರ್ಲಂಡ್ ಟೀಗ್ ಅರವತ್ತು ಮೈಲಿ ಗಾಡಿ ಓಡಿಸಿಕೊಂಡು ಡೆಲ್ಮಸನ ಮನೆ ಮೆಟ್ಟಿಲ ಮುಂದೆ ನಿಂತ. ಕೈಯಲ್ಲಿ ಒಂದು ಕಾಗದವಿತ್ತು. ನಗುಮುಖವಿರಲಿಲ್ಲ.

"ಟೈರು ಹಾಕಿಸ್ಕೊಂಡು ಹೋದವರು ನೀವೇ ಅಲ್ವಾ?" ಎಂದ.

"ಹೌದು. ಚೆನ್ನಾಗೇ ಬರ್ತಿದೆ."

"ಅವತ್ತೇ ಹೇಳ್ಬಹುದಿತ್ತು, ಇಂಥವನು ಅಂತ."

"ನೀವು ಕಥೆ ಹೇಳ್ತಾ ಇದ್ರಿ. ನಡುವೆ ಬಾಯಿ ಹಾಕೋದು ಬೇಡ ಅಂದ್ಕೊಂಡೆ."

ಟೀಗ್ ಕಾಗದ ಚಾಚಿದ. "ತಿದ್ದಿ ಬರೆದು ಸಹಿ ಮಾಡಿದ್ದೀನಿ. ನೀವು ಹೇಳಿದ್ದನ್ನ ಕೇಳಿಸ್ಕೊಂಡಿದ್ದೆ. ಕೇಳಿದ ತಕ್ಷಣ ತಪ್ಪಾಗಿದೆ ಅಂತ ಗೊತ್ತಾಗಿತ್ತು. ನಾಲ್ಕು ಸಾವಿರ ಜನ ಕೂಗ್ತಾ ಇದ್ರು. ಆಗ ಕೈಯೆತ್ತಿ ಆಟ ನಿಲ್ಲಿಸಿದ್ರೆ ಇವನಿಗೇನೂ ಗೊತ್ತಿಲ್ಲ ಅನ್ನೋರು. ಅದಕ್ಕೇ ನಿಲ್ಲಿಸ್ಲಿಲ್ಲ. ಇಷ್ಟು ಸಾಕಲ್ವಾ? ಇದನ್ನ ತಗೊಳ್ಳಿ. ಇನ್ನು ನನ್ನ ಹಿಂದೆ ಬರಬೇಡಿ."

ಬಾಗಿಲ ಹಿಂದೆ ಒಲೀಟಾ ನಿಂತಿದ್ದಳು. ತೆಗೆದುಕೊಳ್ಳಲಿ, ದೇವರೇ, ತೆಗೆದುಕೊಂಡುಬಿಡಲಿ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಡೆಲ್ಮಸ್ ಕೈ ಚಾಚಲಿಲ್ಲ. "ಕಾಗದ ವಿಕರಿಯವರಿಗೆ ಕಳಿಸಿ. ಅದು ಅವರಿಗೆ ಬೇಕಾದ್ದು. ನನಗೆ ಬೇಕಾದ್ದು ಬೇರೆ. ಈ ಗುರುವಾರ ಬೆಳಗ್ಗೆ ಏಳು ಗಂಟೆಗೆ ಮಿಸ್ ಐನಾ ಹೋಟೆಲಿಗೆ ಬನ್ನಿ. ಇಲ್ಲಿ ಹೇಳಿದ್ದನ್ನ ಅಲ್ಲಿ ತಿಂಡಿಗೆ ಸೇರೋ ಊರವರ ಮುಂದೆ ಹೇಳಿ."

"ಅಷ್ಟು ಜನರ ಮುಂದೆನಾ?"

"ಹೋದ್ಸಲ ನಾಲ್ಕು ಸಾವಿರ ಇದ್ರು. ಅಲ್ಲಿ ನಲವತ್ತೇ ಜನ."

"ಬರದಿದ್ರೆ?"

"ನಿಮ್ಮ ಕ್ಯಾಲೆಂಡರು ಮುಂದಿನ ವರ್ಷನೂ ಗೋಡೆ ಮೇಲೇ ಇರುತ್ತೆ. ನನಗೂ ಶನಿವಾರ ಬೇರೆ ಕೆಲಸ ಇಲ್ಲ."

ಟೀಗ್ ಹೋದ ಮೇಲೆ ಒಲೀಟಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಆ ಮನುಷ್ಯನ ಮುಖ ನೋಡಿದ್ಯಾ?" ಎಂದಳು.

"ಸೆಪ್ಟೆಂಬರಿನಿಂದ ಅದನ್ನೇ ನೋಡ್ತಿದ್ದೀನಿ."

"ಇಲ್ಲ, ಡೆಲ್ಮಸ್. ನೀನು ಅವನ ಬೆನ್ನು ನೋಡ್ತಿದ್ದೆ."

ಅವನು ಎದ್ದು ಒಳಗೆ ಹೋದ. ಮನಸ್ಸನ್ನು ಬದಲಿಸಲಿಲ್ಲ.

ಗುರುವಾರ ಹೋಟೆಲು ತುಂಬಿತ್ತು. ಅದು ಹ್ಯಾಡನ್ ಮೇಲಿನ ಆ ವರ್ಷದ ಪಂದ್ಯದ ವಾರ. ಬೇಯಿಸಿದ ಜೋಳದ ನುಚ್ಚಿನ ಬಟ್ಟಲುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಡೆಲ್ಮಸ್ ಒಲೀಟಾಳೊಡನೆ ಒಳಗೆ ಬಂದು ಮುಂದಿನ ಮೇಜಿನಲ್ಲಿ ಕೂತಾಗ ಒಂದು ಗಳಿಗೆ ಮಾತು ತಗ್ಗಿತು. ಒಂದು ವರ್ಷದಿಂದ ಬಾರದವನು ಬಂದಿದ್ದಾನೆ. ಹರ್ಷೆಲ್ ಏನೋ ಹೇಳಲು ಬಾಯಿ ತೆರೆದ. ಮಿಸ್ ಐನಾ ಕಾಫಿಯ ಪಾತ್ರೆ ಹಿಡಿದು, "ಹರ್ಷೆಲ್, ಬಾಯಿ ತೆರೆಯೋದಾದ್ರೆ ತಿನ್ನೋಕೆ ಮಾತ್ರ" ಎಂದಳು.

ಏಳೂಕಾಲಿಗೆ ಬಾಗಿಲು ತಳ್ಳಿಕೊಂಡು ಗಾರ್ಲಂಡ್ ಟೀಗ್ ಬಂದ. ಪಟ್ಟೆ ಅಂಗಿಯಿಲ್ಲದೆ ಅವನನ್ನು ಯಾರೂ ಗುರುತಿಸಲಿಲ್ಲ. ಅವನು ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಹೇಳಿದ.

"ನನ್ನ ಹೆಸರು ಟೀಗ್. ಹೋದ ವರ್ಷ ಹ್ಯಾಡನ್ ಪಂದ್ಯದಲ್ಲಿ ಗೆರೆ ಮೇಲಿದ್ದೋನು ನಾನು. ಕ್ರಂಪ್ಟನ್ ಸರಿಯಾಗಿ ಎಣಿಸಿದ್ರು, ನನಗೆ ಹೇಳಿದ್ರು. ಬಾಯ್ ಮುಚ್ಕೊಂಡಿರು ಅಂತ ನಾನು ಅಂದೆ. ವರದೀಲಿ ಅವರ ಮೇಲೆ ಹಾಕಿದ್ದು ಸುಳ್ಳು."

ಇಷ್ಟನ್ನು ಅವನು ನೆಲ ನೋಡಿಕೊಂಡು, ಎದುರಿನ ಮೇಜಿನವರಿಗಷ್ಟೇ ಕೇಳುವಂತೆ ಹೇಳಿದ. ಮುಂದಿನವರು ಚಮಚ ಕೆಳಗಿಟ್ಟರು. ಹಿಂದಿನ ಸಾಲಿನವರು, "ಏನಂತೆ? ಯಾರಂತೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಹರ್ಷೆಲ್‌ನ ಮುಖ ಸುಟ್ಟ ಬದನೆಯ ಹಾಗಾಯಿತು. ಅವನು ಎದ್ದು ಬಂದು ಡೆಲ್ಮಸನ ಹೆಗಲ ಮೇಲೆ ಕೈಯಿಟ್ಟ. ಡೆಲ್ಮಸ್ ಆ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

ಟೀಗ್ ಮೇಜಿನ ಹತ್ತಿರ ಬಂದು ಕೈ ಚಾಚಿದ. ಡೆಲ್ಮಸನ ಎರಡೂ ಕೈಗಳು ಕಾಫಿಯ ಲೋಟದ ಸುತ್ತ ಇದ್ದವು. ಅಲ್ಲಿಯೇ ಉಳಿದವು. ಚಾಚಿದ ಕೈ ಒಂದಷ್ಟು ಹೊತ್ತು ಗಾಳಿಯಲ್ಲಿ ನಿಂತು ಹಿಂದಕ್ಕೆ ಹೋಯಿತು. ಟೀಗ್ ಬಗ್ಗಿ, ಡೆಲ್ಮಸನಿಗೂ ಒಲೀಟಾಳಿಗೂ ಮಾತ್ರ ಕೇಳುವಂತೆ ಹೇಳಿದ.

"ನಾನು ಸುಳ್ಳು ಬರೆದೆ, ಒಪ್ಕೋತೀನಿ. ಆದ್ರೆ ಅಂಕಿ ನಿಮ್ಮ ಕೈಲಿತ್ತು, ಕ್ರಂಪ್ಟನ್. ನೀವು ತಿರುಗಿಸಬಹುದಿತ್ತು."

ಒಲೀಟಾ ಗಂಡನ ಮುಖ ನೋಡಿದಳು. ಆ ಮಾತು ನಾಟಿತ್ತು. ಇಡೀ ವರ್ಷದಲ್ಲಿ ಅವನಿಗೆ ನಾಟಿದ ಮಾತು ಅದೊಂದೇ.

"ಹೌದು, ತಿರುಗಿಸಬಹುದಿತ್ತು" ಎಂದ ಡೆಲ್ಮಸ್. ದನಿ ಏರಿಸಲಿಲ್ಲ. "ಅದು ನನ್ನದು, ಅದನ್ನ ನಾನು ನೋಡ್ಕೋತೀನಿ. ನೀವು ನಿಮ್ಮದನ್ನ ಹೇಳಿ. ಹಿಂದೆ ಕೂತವರಿಗೆ ಕೇಳಿಸಿಲ್ಲ."

ಟೀಗ್ ಅವನನ್ನೇ ದಿಟ್ಟಿಸಿದ. ಒಲೀಟಾ ಮೇಜಿನ ಕೆಳಗೆ ಗಂಡನ ಮೊಣಕಾಲನ್ನು ಒತ್ತಿದಳು. ಸಾಕು ಎಂದು. ಡೆಲ್ಮಸ್ ಕದಲಲಿಲ್ಲ.

"ಇನ್ನೊಂದ್ಸಲ" ಎಂದ. "ತಲೆ ಎತ್ತಿ."

ಮಿಸ್ ಐನಾ ಅಡುಗೆಮನೆಯ ರೇಡಿಯೋ ಆರಿಸಿದಳು. ಗಾರ್ಲಂಡ್ ಟೀಗ್ ಕೋಣೆಯ ನಡುವೆ ಬಂದು ನಿಂತ. ತಲೆಯೆತ್ತಿದ. ಹೆಸರಿನಿಂದ ಶುರುಮಾಡಿ, ಒಂದು ಪದವನ್ನೂ ಬಿಡದೆ, ಮೈದಾನದಲ್ಲಿ ಕೂಗುವವನ ಗಂಟಲಿನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿದ. ಹಿಂದಿನ ಗೋಡೆಯ ತನಕ ಕೇಳಿಸಿತು. ಅವನು ಮುಗಿಸಿ, ಯಾರ ಕಡೆಯೂ ನೋಡದೆ ಬಾಗಿಲು ತೆರೆದುಕೊಂಡು ಹೋಗುವವರೆಗೂ ಡೆಲ್ಮಸ್ ಕ್ರಂಪ್ಟನ್ ಅವನ ಮುಖವನ್ನೇ ನೋಡುತ್ತಿದ್ದ.